ಪರ-ವಿರೋಧ: ಹಿಪ್ ಹಾಪ್‌ಗೆ ಸಾಹಿತ್ಯ ಎಷ್ಟು ಮುಖ್ಯ?

ಪರ: ಬಾಯಿಪಾಠ ಆಗುವುದು ಮಾತೇ

ಹಿಪ್ ಹಾಪ್ ಹಾಡಿನಲ್ಲಿ ಸಾಹಿತ್ಯವೇ ಮುಖ್ಯ ಎಂದು ಅದರ ಪರವಾಗಿ ಬರೆದುಕೊಡಿ ಎಂದು ಕೇಳಿದ್ದಾರೆ. ಮುಂಬಯಿಯ ರಾತ್ರಿ ಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ ಕಲಿಸಿದವನು ನಾನು. ಮಾತಿನ ಪರ ನಿಲ್ಲುವುದು ಕಷ್ಟವೇನಲ್ಲ. ರ‍್ಯಾಪ್ (ಹಿಪ್ ಹಾಪ್‌ನಲ್ಲಿ ತಾಳಕ್ಕೆ ಸರಿಯಾಗಿ ಮಾತು ಹೇಳುವುದು) ಕೇಳಲು ಶುರು ಮಾಡಿದ್ದು ಮಾತ್ರ ತಡವಾಗಿ, ಮನೆಯ ಮಕ್ಕಳಿಂದ.

ರ‍್ಯಾಪರ್ ಹತ್ತಿರ ಏನಿದೆ ಹೇಳಿ? ರಾಗವಿಲ್ಲ, ಆಲಾಪವಿಲ್ಲ. ಬೀಟ್, ಅಂದರೆ ಹಿಂದೆ ನುಡಿಯುವ ತಾಳ, ಎಷ್ಟೋ ಸಲ ಬೇರೆಯವರದು. ಅವನದೇ ಅಂತ ಇರುವುದು ಮಾತು ಒಂದೇ. ಕುರ್ಲಾದ ನೇಝಿ 2014ರಲ್ಲಿ ‘ಆಫತ್’ ಹಾಡನ್ನು ಐಪ್ಯಾಡ್‌ನಲ್ಲೇ ರೆಕಾರ್ಡ್ ಮಾಡಿ, ವಿಡಿಯೊವನ್ನೂ ಅದರಲ್ಲೇ ತೆಗೆದು ಯೂಟ್ಯೂಬಿಗೆ ಹಾಕಿದ. ದೊಡ್ಡ ಸ್ಟುಡಿಯೊ ಇಲ್ಲ, ವಾದ್ಯದವರಿಲ್ಲ. ಆದರೂ ಜನ ಕೇಳಿದರು. ತನ್ನ ಗಲ್ಲಿಯ ವಿಷಯ ಇತ್ತು, ಅದನ್ನು ಹೇಳುವ ಮಾತು ಅವನಿಗೆ ಗೊತ್ತಿತ್ತು.

ಅಮೆರಿಕದಲ್ಲೂ ಅಷ್ಟೇ. ಶುರುವಿನಲ್ಲಿ ರ‍್ಯಾಪ್ ಅಂದರೆ ಪಾರ್ಟಿ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ‘ದಿ ಮೆಸೇಜ್’ ಬಂತು. ಬಡವರ ಕೇರಿಯ ಒಡೆದ ಗಾಜು, ಇಲಿ, ಜಿರಳೆ ಎಲ್ಲ ಹಾಡಿಗೆ ಬಂದವು. 1987ರ ಹೊತ್ತಿಗೆ ರಾಕಿಂ ಎಂಬ ರ‍್ಯಾಪರ್, ಹೆಚ್ಚಾಗಿ ಸಾಲಿನ ಕೊನೆಗೆ ಇರುತ್ತಿದ್ದ ಪ್ರಾಸವನ್ನು ಸಾಲಿನ ಹೊಟ್ಟೆಯೊಳಗೂ ತಂದ. 2018ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಸುಮ್ನೆ ಬೀಟ್‌ಗೆ ಕುಣಿಸಿದ್ದಕ್ಕೆ ಕೊಟ್ಟದ್ದಲ್ಲ ಅದು.

ನಮಗೆ ಇದು ಹೊಸದೂ ಅಲ್ಲ. ನಮ್ಮ ಹಳೆಯ ಕವಿಗಳು ಸಾಲು ಸಾಲಿಗೂ ಎರಡನೇ ಅಕ್ಷರದಲ್ಲಿ ಪ್ರಾಸ ಹಿಡಿದವರು. ಸರ್ವಜ್ಞ ಮೂರೇ ಸಾಲಿನಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಿದ. ಮಳೆಗಾಲದಲ್ಲಿ ಊರಿನಿಂದ ಕಲಾವಿದರು ಬಂದಾಗ ಇಲ್ಲಿನ ಸಂಘಗಳಲ್ಲಿ ತಾಳಮದ್ದಲೆ ಇಡುತ್ತಾರಲ್ಲ, ಅದನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಎದುರಿನವನ ಮಾತನ್ನು ಹಿಡಿದು, ತಿರುಗಿಸಿ, ಅವನ ಮೇಲೇ ಎಸೆಯುತ್ತಾನೆ. ಇಂದಿನ ರ‍್ಯಾಪ್ ಬ್ಯಾಟಲ್‌ನಲ್ಲಿ ನಡೆಯುವುದೂ ಇದೇ.

ಬೀಟ್ ಬೇಡವೇ ಬೇಡ ಎಂದು ನಾನು ಹೇಳಲಾರೆ. ನಮ್ಮ ಮನೆಯ ಹುಡುಗ ತಲೆ ಆಡಿಸುವುದು ಬೀಟ್‌ಗೇ. ಆದರೆ ಅವನು ಬಾಯಿಪಾಠ ಮಾಡಿದ್ದು ಮಾತನ್ನು. ಲೋಕಲ್ ಟ್ರೈನಿನಲ್ಲಿ ಗುನುಗುವುದು ಮಾತನ್ನು. ಮಾತು ಬೇಡ ಎನ್ನುವವರಿಗೆ ಗಣೇಶೋತ್ಸವದ ಡಿಜೆ ಸಾಕಲ್ವಾ?

ವಿರೋಧ: ಮೊದಲು ತಾಳ, ಆಮೇಲೆ ಉಳಿದದ್ದು

ಹಿಪ್ ಹಾಪ್ ಹುಟ್ಟಿದ ಕೋಣೆಯಲ್ಲಿ ಕವಿ ಇರಲಿಲ್ಲ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಡ್ಜ್‌ವಿಕ್ ಅವೆನ್ಯೂ. ಅಲ್ಲಿ ತಂಗಿ ಇಟ್ಟ ಪಾರ್ಟಿಗೆ ಡಿಜೆ ಕೂಲ್ ಹರ್ಕ್ ರೆಕಾರ್ಡ್ ಹಾಕಿದ. ಕುಣಿಯುವ ಹುಡುಗರು ಹಾಡಿಗಲ್ಲ, ಹಾಡುವವರು ಬಾಯಿ ಮುಚ್ಚಿ ಬರೀ ಡ್ರಮ್ ಬರುವ ಆ ‘ಬ್ರೇಕ್’ಗೆ ಕಾಯುತ್ತಾರೆ ಎಂದು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಲೇ ಇನ್ನೊಂದರಲ್ಲಿ ಶುರು ಮಾಡಿ ಅದನ್ನು ಎಳೆದ. ಸಾಹಿತ್ಯ ನಿಂತ ಜಾಗದಲ್ಲಿ ಹಿಪ್ ಹಾಪ್ ಶುರುವಾಯಿತು. ಮೈಕ್ ಹಿಡಿದವನು ಕುಣಿಯುವವರ ಹೆಸರು ಕೂಗುತ್ತಿದ್ದ, ಹುರಿದುಂಬಿಸುತ್ತಿದ್ದ, ಅಷ್ಟೇ.

ಇದನ್ನು ಮರೆತು ನಾವು ಹಾಡಿನ ಹಾಳೆ ಹಿಡಿದು ಮಾರ್ಕು ಹಾಕಲು ಕೂತಿದ್ದೇವೆ. ನನಗೆ ನಿಜವಾಗಿಯೂ ಬೇಜಾರಾಗುವ ವಿಷಯ ಇದು.

ಮುಂಬಯಿಯಲ್ಲಿ ಇದ್ದುಕೊಂಡು ಯಾರಾದರೂ ಸಾಹಿತ್ಯವೇ ಮುಖ್ಯ ಎಂದರೆ ನನಗೆ ಆಶ್ಚರ್ಯ. ಇಲ್ಲಿ ‘ಸ್ವದೇಸಿ’ ತಂಡದವರು ಹಿಂದಿ, ಮರಾಠಿ, ಗುಜರಾತಿ, ಬಂಗಾಳಿ ಎಲ್ಲದರಲ್ಲೂ ರ‍್ಯಾಪ್ ಮಾಡುತ್ತಾರೆ. ಧಾರಾವಿಯ ಹುಡುಗರದು ತಮಿಳು, ಹಿಂದಿ, ಮರಾಠಿ ಎಲ್ಲ ಸೇರಿದ ಹಾಡು. ಎದುರು ನಿಂತವರಲ್ಲಿ ಎಷ್ಟು ಜನಕ್ಕೆ ಪೂರ್ತಿ ಅರ್ಥವಾಗುತ್ತದೆ? ಸ್ವದೇಸಿಯ ಟಾಡ್‌ಫಾಡ್ ಗುಜರಾತಿಯಲ್ಲಿ ರ‍್ಯಾಪ್ ಮಾಡುತ್ತಿದ್ದ. 2022ರಲ್ಲಿ, ಇನ್ನೂ 24 ವರ್ಷಕ್ಕೇ ತೀರಿಕೊಂಡ. ನನ್ನ ಗುಜರಾತಿ ಕಿರಾಣಿ ಅಂಗಡಿಯ ಲೆಕ್ಕದಷ್ಟು. ಆದರೂ ಅವನ ದನಿ ಬೀಟ್ ಮೇಲೆ ಬೀಳುವಾಗ ನನ್ನ ಮೈ ಜುಮ್ ಎನ್ನುತ್ತಿತ್ತು. ಅರ್ಥ ಆಗದೆ ಬಂದ ಆ ಜುಮ್ ಸುಳ್ಳಾ?

ನನ್ನ ಕೆಲಸ ಸೌಂಡ್ ಮಿಕ್ಸಿಂಗ್. ಚೆಂಬೂರಿನಲ್ಲಿ ಒಂದು ಸಣ್ಣ ಕೋಣೆ. ಗೋಡೆಗೆ ಹಳೆ ರಜಾಯಿ ತೂಗುಹಾಕಿದ್ದೇವೆ. ದಾದರಿನ ಹೋಟೆಲೊಂದರಲ್ಲಿ ಕೆಲಸ ಮಾಡುವ ನಮ್ಮ ಉಡುಪಿ ಕಡೆಯ ಹುಡುಗ ಒಬ್ಬ ಅಲ್ಲಿಗೆ ಬಂದ. ನೋಟ್‌ಬುಕ್ ತುಂಬ ಬರೆದಿದ್ದ. ಒಳ್ಳೆಯ ಪ್ರಾಸ, ಒಳ್ಳೆಯ ಮಾತು. ಒಂದು ಕಡೆ ಹೀಗಿತ್ತು: ‘ಎರಡು ಗಂಟೆಗೆ ಶಟರ್ ಎಳೆದು, ತಟ್ಟೆ ತೊಳೆದು, ಬೆವರು ಬಳಿದು, ನೆಲದ ಮೇಲೆ ಬೆನ್ನು ಚೆಲ್ಲಿ.’

ಓದಿದರೆ ಚೆನ್ನಾಗಿದೆ. ಹಾಡಿದಾಗ ಸತ್ತುಹೋಯಿತು. ನಿಮಿಷಕ್ಕೆ 90 ಬೀಟ್ ಇಟ್ಟಿದ್ದೆವು. ಆ ವೇಗದಲ್ಲಿ ಎರಡು ಬಾರ್ (ನಾಲ್ಕು ಬೀಟ್‌ಗೆ ಒಂದು ಬಾರ್) ಅಂದರೆ ಐದು ಸೆಕೆಂಡಿಗೆ ಚೂರು ಜಾಸ್ತಿ. ಅಷ್ಟರೊಳಗೆ 30ಕ್ಕೂ ಹೆಚ್ಚು ಅಕ್ಷರ ತುರುಕಿದ್ದ. ಉಸಿರಿಗೆ ಜಾಗವಿಲ್ಲ. ‘ಚೆಲ್ಲಿ’ಗೆ ಬರುವಷ್ಟರಲ್ಲಿ ಗಂಟಲು ಒಣಗಿ, ಆ ಪದ ನುಂಗಿಹೋಗುತ್ತಿತ್ತು. ಟೇಕ್ ಮೇಲೆ ಟೇಕ್ ತೆಗೆದರೂ ಅದೇ ಕಥೆ.

‘ಬೆವರು ಬಳಿದು’ ತೆಗೆದುಬಿಡು ಎಂದೆ. ಅವನಿಗೆ ಸಿಟ್ಟು ಬಂತು.

“ಅಣ್ಣ, ಅದು ಹೋದ್ರೆ ಪ್ರಾಸ ಹೋಗತ್ತೆ. ಮೂರು ಸಲ ಬರಬೇಕು ಅದು.”

“ಸುಮ್ನೆ ಒಂದು ಸಲ ಮಾಡಿ ನೋಡು. ‘ತೊಳೆದು’ ಅಂತ ನಿಲ್ಲು. ಏನೂ ಹೇಳಬೇಡ. ಸ್ನೇರ್ ಡ್ರಮ್ ಬೀಳಲಿ, ಆಮೇಲೆ ‘ನೆಲದ ಮೇಲೆ’ ಅನ್ನು.”

ಆರು ಅಕ್ಷರ ಹೋದವು. ಸುಮಾರು ಒಂದು ಸೆಕೆಂಡ್ ಜಾಗ ಖಾಲಿಯಾಯಿತು. ಅಲ್ಲಿ ಬರೀ ಕಿಕ್, ಸ್ನೇರ್ ಡ್ರಮ್‌ಗಳ ಪೆಟ್ಟು, ಅವನು ಉಸಿರು ಎಳೆದುಕೊಂಡ ಸದ್ದು. ಇಡೀ ದಿನ ದುಡಿದವನ ಸುಸ್ತು ಆ ಉಸಿರಿನಲ್ಲಿ ಕೇಳಿಸಿತು. ಉಸಿರಿನ ಸದ್ದನ್ನು ಮಿಕ್ಸಿಂಗ್‌ನಲ್ಲಿ ಅಳಿಸುವುದು ರೂಢಿ. ನಾನು ಅಳಿಸಲಿಲ್ಲ, ಸ್ವಲ್ಪ ಏರಿಸಿದೆ. ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ತಮಿಳು ಹುಡುಗನಿಗೆ ಕನ್ನಡದ ಒಂದಕ್ಷರ ಬಾರದು. ಮೊದಲಿನ ಟೇಕ್‌ಗಳಿಗೆಲ್ಲ ಫೋನ್ ನೋಡುತ್ತಿದ್ದವನು ಈ ಸಲ ತಲೆ ಎತ್ತಿ ತಾಳ ಹಾಕಿದ. ನನಗೆ ಬೇರೆ ತೀರ್ಪು ಬೇಕಿರಲಿಲ್ಲ.

ಹಾಗಾದರೆ ಹುಡುಗ ಬರೆದ ಸಾಲು ಚೆನ್ನಾಗಿರಲಿಲ್ಲವೇ ಎಂದು ಕೇಳಬಹುದು. ಚೆನ್ನಾಗಿತ್ತು. ಚೆನ್ನಾಗಿದ್ದೂ ಕೆಲಸ ಮಾಡಲಿಲ್ಲ ಎಂಬುದೇ ನನ್ನ ಮಾತು.

ತಾಳಮದ್ದಲೆಯ ಉದಾಹರಣೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಆ ಹೆಸರಿನಲ್ಲಿ ಏನಿದೆ ನೋಡಿ: ತಾಳ, ಮದ್ದಲೆ. ಭಾಗವತರು ಪದ ಹೇಳದೆ ಯಾವ ಅರ್ಥಧಾರಿಯೂ ಬಾಯಿ ತೆರೆಯುವುದಿಲ್ಲ. ಕೆಂಡ್ರಿಕ್‌ಗೆ ಬಂದ ಪುಲಿಟ್ಜರ್ ಕೂಡ ಕಾವ್ಯದ್ದಲ್ಲ, ಸಂಗೀತದ್ದು. ಬೀಟ್ ಮಾಡುವ ಅಮೆರಿಕದ ಜೆ ಡಿಲ್ಲಾ 2006ರಲ್ಲಿ ತಂದ ‘ಡೋನಟ್ಸ್’ ಆಲ್ಬಮ್‌ನಲ್ಲಿ ರ‍್ಯಾಪರ್ ಇಲ್ಲವೇ ಇಲ್ಲ. ಹಳೆಯ ಹಾಡುಗಳನ್ನು ಚೂರು ಚೂರು ಮಾಡಿ ಜೋಡಿಸಿದ ಬೀಟ್‌ಗಳು ಮಾತ್ರ. ಅದನ್ನು ಹಿಪ್ ಹಾಪ್ ಅಲ್ಲ ಎಂದು ಯಾರೂ ಹೇಳಿಲ್ಲ. ನಮ್ಮ ಪುಣೆಯ ರ‍್ಯಾಪರ್ ಎಂಸಿ ಸ್ಟ್ಯಾನ್ ಆಟೋಟ್ಯೂನ್ (ದನಿಯ ಶ್ರುತಿ ತಿದ್ದುವ ತಂತ್ರಾಂಶ) ಹಾಕಿದ ಆ ಎಳೆದಾಡುವ ದನಿಯಿಂದಲೇ ಹೆಸರು ಮಾಡಿದ. 2023ರಲ್ಲಿ ಹಿಂದಿ ಬಿಗ್ ಬಾಸ್ ಗೆದ್ದಾಗ ಊರೂರಲ್ಲಿ ಹುಡುಗರು ಅವನ ದನಿಯನ್ನೇ ಅನುಕರಣೆ ಮಾಡುತ್ತಿದ್ದರು.

ಸಾಹಿತ್ಯವೇ ಎಲ್ಲ ಎನ್ನುವವರಿಗೆ ಹಾಡಿನ ಮೇಲೆ ಪರೀಕ್ಷೆ ಬರೆಸುವ ಆಸೆ. ಬಾಯಿಪಾಠ ಆಯಿತಾ, ಪ್ರಾಸ ಸರಿಯಿದೆಯಾ, ಸಂದೇಶ ಏನು. ಇದರಿಂದ ಕೆಡುವವರು ನಮ್ಮ ಹುಡುಗರು. ಒಳ್ಳೆಯ ತಾಳಜ್ಞಾನ ಇರುವವನು ನನಗೆ ಬರೆಯಲು ಬರಲ್ಲ ಎಂದು ಹಿಂದೆ ಸರಿಯುತ್ತಾನೆ. ಬರೆಯಲು ಬರುವವನು ಉಸಿರುಗಟ್ಟುವಷ್ಟು ಬರೆಯುತ್ತಾನೆ.

ಇಲ್ಲಿನ ಕನ್ನಡ ಸಂಘಗಳು ಯುವಕರಿಗಾಗಿ ರ‍್ಯಾಪ್ ಸ್ಪರ್ಧೆ ಇಡುವುದಾದರೆ ನನ್ನದು ಎರಡೇ ಬೇಡಿಕೆ. ತೀರ್ಪುಗಾರರ ಕೈಗೆ ಸಾಹಿತ್ಯದ ಹಾಳೆ ಕೊಡಬೇಡಿ. ಭಾಷಣಕ್ಕೆ ಇಡುವ ಆ ಕೀರಲು ಸ್ಪೀಕರ್ ಬಿಟ್ಟು, ಬೇಸ್, ಅಂದರೆ ತಗ್ಗಿನ ಗುಡುಗುವ ಸದ್ದು, ಸರಿಯಾಗಿ ಕೇಳುವ ಒಂದು ಜೋಡಿ ಬಾಡಿಗೆಗೆ ತರಿಸಿ.