ಸ್ಪಷ್ಟನೆ: ಗೇರ್ ಬೀಳದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ ಎಂದರ್ಥವಲ್ಲ

ಹಳೆಯ ಪಿಕಪ್‌ನಲ್ಲಿ ಗೇರ್ ಕರಕರ ಎಂದು ಬೀಳದೆ ಹೋದರೆ ಕ್ಲಚ್ ಪ್ಲೇಟ್ ಬದಲಿಸಲೇಬೇಕು, ಅಲ್ಲಿಯವರೆಗೆ ಕ್ಲಚ್‌ನ ಬ್ರೇಕ್ ಆಯಿಲ್ ಡಬ್ಬಿಗೆ ಎಂಜಿನ್ ಆಯಿಲ್ ಸುರಿದು ಓಡಿಸಬಹುದು ಎಂಬ ಸಂದೇಶವೊಂದು ಕಲಬುರಗಿಯಲ್ಲಿ ತೊಗರಿ ಸಾಗಿಸುವ ಚಾಲಕರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಮೊದಲ ಮಾತು ಬಹುಪಾಲು ತಪ್ಪು, ಎರಡನೆಯದು ಅಪಾಯಕಾರಿ.

ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ. ಏರಿನಲ್ಲಿ ಎಂಜಿನ್ ಅರಚುತ್ತದೆಯೇ ಹೊರತು ಗಾಡಿ ಮುಂದೆ ಸಾಗದು. ಎಂಜಿನ್ ನಿಂತಾಗ ಸಲೀಸಾಗಿ ಬೀಳುವ ಗೇರ್, ಎಂಜಿನ್ ಚಾಲೂ ಇದ್ದಾಗ ಮಾತ್ರ ಹಟ ಹಿಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ತಿಳಿಯಬೇಕು. ಪೆಡಲನ್ನು ಎರಡು ಮೂರು ಸಲ ಬೇಗಬೇಗ ತುಳಿದ ಮೇಲೆ ಗೇರ್ ಬಿದ್ದರೆ, ಕ್ಲಚ್ಚಿನ ಆಯಿಲ್ ಪೈಪಿನಲ್ಲಿ ಗಾಳಿ ಸೇರಿರುವ ಅಥವಾ ಪೆಡಲ್ ತುಳಿದಾಗ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ರಬ್ಬರ್ ವಾಷರ್ ಸೋತಿರುವ ಸಾಧ್ಯತೆಯೇ ಹೆಚ್ಚು. ಒಬ್ಬರು ಪೆಡಲ್ ತುಳಿಯುವಾಗ ಇನ್ನೊಬ್ಬರು ಗೇರ್‌ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರಿನ, ಅಂದರೆ ಆ ಒತ್ತಡದಿಂದ ಕ್ಲಚ್ ಬಿಡಿಸುವ ಸಿಲಿಂಡರಿನ, ಕಡ್ಡಿ ಎಷ್ಟು ಹೊರಬರುತ್ತದೆ ಎಂದು ನೋಡಬೇಕು. ಅದರ ರಬ್ಬರ್ ಟೋಪಿಯನ್ನು ಸರಿಸಿದಾಗ ಒಳಗೆ ತೇವವಿದ್ದರೆ ಸೋರಿಕೆ ಅಲ್ಲೇ ಇದೆ. ಕಡ್ಡಿ ಸರಿಯಾಗಿ ಚಲಿಸಿಯೂ ಕ್ಲಚ್ ಬಿಡದಿದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸುವ ಮಾತು.

ಎಂಜಿನ್ ಆಯಿಲ್ ಖನಿಜ ತೈಲವಾದ್ದರಿಂದ ಬ್ರೇಕ್ ಆಯಿಲ್‌ಗೆಂದು ಮಾಡಿದ ರಬ್ಬರುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಈಗಾಗಲೇ ಹಾಕಿದವರು ಪೈಪನ್ನು ತೊಳೆಸಿ, ಎರಡೂ ಸಿಲಿಂಡರುಗಳ ರಬ್ಬರ್ ಬದಲಿಸಿ, ಡಬ್ಬಿಯ ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯ, ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಡಾಟ್-3, ಬ್ರೇಕ್ ಆಯಿಲ್ ತುಂಬಿ ಗಾಳಿ ತೆಗೆಸಬೇಕು. ಕೇಬಲ್ ಕ್ಲಚ್ ಇರುವ ಗಾಡಿಗಳಲ್ಲಿ ಈ ಡಬ್ಬಿಯೇ ಇರದು. ಅಲ್ಲಿ ಮೊದಲು ಕೇಬಲ್ ಬಿಗಿಸಿ ನೋಡಬೇಕು.