ತಿದ್ದದೆ ಬರೆದೆನೆಂಬ ಹೆಮ್ಮೆಗೆ ಚಪ್ಪಾಳೆ ತಟ್ಟಲಾರದವನ ತಕರಾರು

ಕಳೆದ ಭಾನುವಾರ ಚಿಕ್ಕಬಳ್ಳಾಪುರದ ಪುಸ್ತಕ ಬಿಡುಗಡೆಯೊಂದರಲ್ಲಿ ಯುವ ಕಾದಂಬರಿಕಾರರೊಬ್ಬರು, "300 ಪುಟಗಳನ್ನು 40 ದಿನಗಳಲ್ಲಿ ಬರೆದೆ, ಆಮೇಲೆ ಒಂದು ಅಲ್ಪವಿರಾಮವನ್ನೂ ಮುಟ್ಟಲಿಲ್ಲ, ತಿದ್ದಿದರೆ ಬರಹದ ಜೀವ ಹೋಗುತ್ತದೆ" ಎಂದು ಎದೆಯುಬ್ಬಿಸಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಜೀವಮಾನವಿಡೀ ಮಕ್ಕಳ ಕಾಪಿ ತಿದ್ದಿದ, ನನ್ನ ಪಕ್ಕದ ನಿವೃತ್ತ ಮೇಷ್ಟರೂ ತಟ್ಟಿದರು! ಆ ಹೊತ್ತಿಗೆ ನನ್ನ ಕೈಚೀಲದಲ್ಲಿ ಮೂರನೆಯ ಸುತ್ತಿನ ಕೆಂಪು ಶಾಯಿ ಕಂಡಿದ್ದ, 412 ಪುಟಗಳ ನನ್ನ ಕರಡು ಕುಳಿತಿತ್ತು. ನನ್ನ ಕೈಗಳು ಮೇಲೇಳಲಿಲ್ಲ.

ನಾನು ಶಿಡ್ಲಘಟ್ಟದ ಕಡೆಯ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವನೆಂಬುದು ನಿಮಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಮುಂದಿನದನ್ನು ಹೇಳಲು ನಾಚಿಕೆ. ಕಾದಂಬರಿಯ ಒಂಬತ್ತನೆಯ ಅಧ್ಯಾಯದಲ್ಲಿ ನನ್ನ ರೈತ, ಮಾರುಕಟ್ಟೆಯಲ್ಲಿ ಬೆಲೆ ಬಿದ್ದಿದೆಯೆಂಬ ಸಿಟ್ಟಿಗೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಬಿಡಿಸಿದ ರೇಷ್ಮೆಗೂಡನ್ನು 20 ದಿನ ಮನೆಯಲ್ಲೇ ಇಟ್ಟುಕೊಂಡು, ಬೆಲೆ ಏರಿದ ಮೇಲೆ ಮಾರಿ, ಸಾಲ ತೀರಿಸಿ, ಮಗಳ ಮದುವೆ ಮಾಡುತ್ತಾನೆ. ಇಡೀ ಕಥೆ ನಿಂತಿರುವುದು ಆ ಹಟದ ಮೇಲೆ. ಎರಡು ಬಾರಿ ಓದಿದರೂ ನನಗೆ ಏನೂ ಕಾಣಲಿಲ್ಲ. ಮೂರನೆಯ ಸಲ ಗಟ್ಟಿಯಾಗಿ ಓದುತ್ತಿದ್ದಾಗ, ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದಳು: "ಇಪ್ಪತ್ತು ದಿನ ಗೂಡು ಮನೇಲಿಟ್ಕೊಂಡ್ರೆ ಚಿಟ್ಟೆ ತೂತು ಮಾಡ್ಕೊಂಡು ಆಚೆಗೆ ಬರಲ್ವೇನೋ? ನೀನ್ಯಾವ ಊರಲ್ಲಿ ಹುಟ್ಟಿದೋನು?"

ಹುಳು ಗೂಡು ಕಟ್ಟಲು ತೊಡಗಿದ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಹೊರಬರುತ್ತದೆ, ತೂತಾದ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ. ಹುಳು ಪೊರೆ ಬಿಡುವ ನಾಲ್ಕು ಜ್ವರಗಳ ಲೆಕ್ಕವನ್ನು ಮಗ್ಗಿಗಿಂತ ಮೊದಲು ಕಲಿತವನು ನಾನು. ಆದರೂ ಬರೆಯುವ ರಭಸದಲ್ಲಿ ಕೈ ಸುಳ್ಳು ಹೇಳಿತು. ಅಲ್ಪವಿರಾಮ ಮುಟ್ಟದ ಮಹನೀಯರ 300 ಪುಟಗಳಲ್ಲಿ ಇಂಥ ಎಷ್ಟು ಚಿಟ್ಟೆಗಳು ಒಳಗೇ ಕುಳಿತಿವೆಯೋ!

ನನ್ನ ಕರಡಿನ ಉಳಿದ ಮಾನವನ್ನೂ ಹರಾಜಿಗಿಡುತ್ತೇನೆ. ಕಥೆ ನಡೆಯುವುದು 1996ರಲ್ಲಿ. ಅದರಲ್ಲೊಬ್ಬ ಮುದುಕ ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗೆ ಅರ್ಜಿ ಬರೆಯುತ್ತಾನೆ. ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ಅಂದರೆ ಇನ್ನೂ ಹುಟ್ಟದ ಕಚೇರಿಗೆ ಆತ ಅಲೆದಾಡುತ್ತಿದ್ದಾನೆ. ಮೊದಲರ್ಧದಲ್ಲಿ ತೆಲುಗು ಬೆರೆತ ನಮ್ಮ ಗಡಿನಾಡಿನ ಕನ್ನಡವಾಡುವ ಅಜ್ಜಿಯೊಬ್ಬಳು ದ್ವಿತೀಯಾರ್ಧದಲ್ಲಿ ಆಕಾಶವಾಣಿಯ ವಾರ್ತಾವಾಚಕಿಯಂತೆ ಮಾತನಾಡುತ್ತಾಳೆ. "ನಿಟ್ಟುಸಿರು" ಎಂಬ ಪದ 61 ಕಡೆ ಬಂದಿದೆ. ಅಷ್ಟು ನಿಟ್ಟುಸಿರು ಬಿಟ್ಟವರು ಬದುಕಿರುವುದೇ ಅನುಮಾನ. ನಂದಿಬೆಟ್ಟದ ಸೂರ್ಯೋದಯಕ್ಕೆ 11 ಪುಟ ಮೀಸಲಿಟ್ಟಿದ್ದೆ. ಅಲ್ಲಿ ಸೂರ್ಯ ಹುಟ್ಟುವುದು ಬಿಟ್ಟರೆ ಮತ್ತೇನೂ ನಡೆಯುವುದಿಲ್ಲ. ಅದನ್ನು ಕಿತ್ತೆಸೆದ ರಾತ್ರಿ ಊಟ ಸೇರಲಿಲ್ಲ ಎಂಬುದು ಬೇರೆ ಮಾತು.

ಗದುಗಿನ ನಾರಣಪ್ಪನೇ ಹಲಗೆ ಬಳಪ ಹಿಡಿಯದ, ಇಟ್ಟ ಪದವನ್ನು ಅಳಿಸದ ಅಗ್ಗಳಿಕೆ ತನ್ನದೆಂದು ಹೇಳಿಕೊಂಡಿಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಸಭೆಯಲ್ಲಿಯೂ ಒಬ್ಬರು ಕೇಳಿದರು. ಹೌದು, ಹೇಳಿಕೊಂಡಿದ್ದಾನೆ. ಆದರೆ ಅವನ ಬೆನ್ನಿಗೆ ವೀರನಾರಾಯಣ ನಿಂತಿದ್ದ. ನಮ್ಮ ಬೆನ್ನಿಗಿರುವುದು ನುಡಿ ತಂತ್ರಾಂಶ ಮಾತ್ರ, ಅದಕ್ಕೂ ಒತ್ತಕ್ಷರ ಕೈಕೊಡುತ್ತದೆ. ಆ ಮಾತನ್ನು ಆಡುವ ಮೊದಲು ಅಂಥ ಹತ್ತು ಷಟ್ಪದಿಗಳನ್ನು ಬರೆದು ತೋರಿಸಲಿ, ನಾನೇ ಹೋಗಿ ಹಾರ ಹಾಕುತ್ತೇನೆ.

ಇಷ್ಟು ಕೋಪವೇಕೆ ಎಂದರೆ, ಹನ್ನೆರಡು ವರ್ಷಗಳ ಹಿಂದೆ ನನ್ನ ಮೊದಲ ಕಾದಂಬರಿಯ ಬಿಡುಗಡೆಯಲ್ಲಿ ಇದೇ ಮಾತನ್ನು ನಾನೂ ಆಡಿದ್ದೆ. "ಒಂದೇ ಉಸಿರಿಗೆ ಬರೆದದ್ದು" ಎಂದೇ ಹೇಳಿದ್ದೆ, ಆಗಲೂ ಚಪ್ಪಾಳೆ ಬಿದ್ದಿತ್ತು. ಅದರ ಮಾರಾಟವಾಗದ ಪ್ರತಿಗಳು ಇಂದಿಗೂ ಹುಳುಮನೆಯ ಅಟ್ಟದಲ್ಲಿವೆ. ಕಳೆದ ತಿಂಗಳು ಒಂದನ್ನು ತೆಗೆದು ನೋಡಿದೆ. 43ನೆಯ ಪುಟದಲ್ಲಿ ಸತ್ತ ಸೋದರಮಾವ 90ನೆಯ ಪುಟದಲ್ಲಿ ಬಂದು ಕಾಫಿ ಕುಡಿಯುತ್ತಾನೆ. ಇಷ್ಟು ವರ್ಷ ಯಾರೊಬ್ಬರೂ ಅದನ್ನು ನನಗೆ ಹೇಳಲಿಲ್ಲ. ಅಂದರೆ ಅಲ್ಲಿಯವರೆಗೆ ಯಾರೂ ಓದಿರಲಿಲ್ಲ.

ಒಂಬತ್ತನೆಯ ಅಧ್ಯಾಯವನ್ನು ಕೊನೆಗೆ ಅಮ್ಮನ ಪ್ರಶ್ನೆಯಂತೆಯೇ ಬರೆದೆ. ಈಗ ನನ್ನ ರೈತ ಹಟ ಬಿಡುವುದಿಲ್ಲ. ಹನ್ನೆರಡನೆಯ ಬೆಳಿಗ್ಗೆ ಮಗಳು ಬಾಗಿಲು ತೆರೆದರೆ ನೆಲದ ತುಂಬ ಹಾರಲಾರದ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತಿವೆ, ಅಪ್ಪ ಅವುಗಳ ನಡುವೆ ಸುಮ್ಮನೆ ಕುಳಿತಿದ್ದಾನೆ. ಮೊದಲು ಬರೆದ 412 ಪುಟಗಳಲ್ಲಿ ಅದಕ್ಕೆ ಸಮನಾದ ಒಂದು ಪುಟವೂ ಇರಲಿಲ್ಲ. ತೊಂದರೆಯೆಂದರೆ, ಈಗ ಅವನ ಕೈಯಲ್ಲಿ ಬಿಡಿಗಾಸಿಲ್ಲ, ಸಾಲ ತೀರಿಲ್ಲ, ಮದುವೆ ನಡೆಯುವಂತಿಲ್ಲ, ಮದುವೆಯ ಮನೆಯಲ್ಲಿ ಆಗಬೇಕಿದ್ದ ಜಗಳಕ್ಕೂ ಜಾಗವಿಲ್ಲ. ಅಲ್ಲಿಂದಾಚೆಗಿನ 140 ಪುಟಗಳನ್ನು ಹೊಸದಾಗಿ ಬರೆಯಬೇಕು. ಕೆಂಪು ಶಾಯಿಯೂ ಮುಗಿದಿದೆ.