ಟಿಎಚ್‌ಡಿ ನೋಡಿ ಸುಮ್ನಾಗಬೇಡಿ

ಸೂಪರ್‌ಕಂಡಕ್ಟರ್ (ತುಂಬಾ ತಣ್ಣಗಾದಾಗ ವಿದ್ಯುತ್ತಿಗೆ ರೋಧವೇ ಇಲ್ಲದ ವಸ್ತು) ತಂತಿಯಲ್ಲಿ ನಷ್ಟವೇ ಇಲ್ಲ ಅನ್ನೋದು ಡಿಸಿ ಮಟ್ಟಿಗೆ ಸರಿ. ಎಸಿ ಹರಿಸಿದರೆ ಅದೂ ಬಿಸಿಯಾಗುತ್ತದೆ. ಕರೆಂಟ್ ಏರುವಾಗ ಕಾಂತಕ್ಷೇತ್ರ ಸಣ್ಣ ಸುಳಿಗಳಾಗಿ ಅಂಚಿನಿಂದ ಒಳಗೆ ನುಗ್ಗುತ್ತದೆ. ಇಳಿಯುವಾಗ ಅವು ಸಲೀಸಾಗಿ ಹೊರಗೆ ಬರುವುದಿಲ್ಲ, ವಸ್ತುವಿನೊಳಗಿನ ದೋಷಗಳಿಗೆ ಸಿಕ್ಕಿಕೊಂಡಿರುತ್ತವೆ. ಈ ಎಳೆದಾಟದಲ್ಲಿ ಹೋಗುವ ಶಕ್ತಿಯೇ ಹಿಸ್ಟೆರಿಸಿಸ್ ನಷ್ಟ.

ನನ್ನ ತಕರಾರು ಇರೋದು ಅದನ್ನು ಅಳೆಯುವ ರೀತಿಯ ಬಗ್ಗೆ. ಶುದ್ಧ ಸೈನ್ ಅಲೆ ಹರಿಸಿ ನಷ್ಟ ಅಳೆಯುತ್ತಾರೆ. ಆದರೆ ಇನ್ವರ್ಟರ್, ಎಲ್ಇಡಿ, ಚಾರ್ಜರ್ ತುಂಬಿರುವ ಕಡೆ ಕರೆಂಟ್ ಸೈನ್ ಆಗಿ ಎಲ್ಲಿರುತ್ತದೆ? ಹಾರ್ಮೋನಿಕ್ಸ್ (ಮೂಲ ಅಲೆಯ 3, 5, 7 ಹೀಗೆ ಹಲವು ಪಟ್ಟು ಆವರ್ತನದ ಅಲೆಗಳು) ಇದೆ ಅಂದರೆ ಟಿಎಚ್‌ಡಿ, ಅಂದರೆ ಮೂಲ ಅಲೆಗೆ ಹೋಲಿಸಿದರೆ ಹಾರ್ಮೋನಿಕ್ಸ್ ಒಟ್ಟು ಎಷ್ಟು ಪರ್ಸೆಂಟ್ ಅಂತ ಕೇಳಿ ಮುಂದೆ ಹೋಗುತ್ತಾರೆ. ತಾಮ್ರಕ್ಕೆ ಅದು ಸಾಕು. ಇಲ್ಲಿ ಸಾಲದು.

ಯಾಕೆ ಅಂದರೆ, ಸೂಪರ್‌ಕಂಡಕ್ಟರಿನೊಳಗೆ ಕಾಂತಕ್ಷೇತ್ರ ಹೇಗೆ ನುಗ್ಗುತ್ತದೆ ಅಂತ ಹೇಳುವ 1962ರ ಬೀನ್ ಮಾದರಿಯ ಪ್ರಕಾರ ಒಂದು ಸುತ್ತಿನ ನಷ್ಟಕ್ಕೆ ಮುಖ್ಯವಾದದ್ದು ಕರೆಂಟ್ ಮುಟ್ಟುವ ಶಿಖರ, ಅಲೆಯ ಆಕಾರ ಅಲ್ಲ. 1970ರ ನಾರಿಸ್ ಸೂತ್ರದಲ್ಲಿ ತೆಳು ಪಟ್ಟಿಯ ನಷ್ಟ, ಕರೆಂಟ್ ಕಡಿಮೆ ಇರುವಾಗ, ಶಿಖರದ ನಾಲ್ಕನೇ ಘಾತದಂತೆ ಏರುತ್ತದೆ. ಈಗ ಮೂಲ ಅಲೆಗೆ 10% ಮೂರನೇ ಹಾರ್ಮೋನಿಕ್ ಸೇರಿಸಿ ನೋಡಿ. ಎರಡರ ಶಿಖರಗಳು ಕೂಡಿಕೊಂಡರೆ ಎತ್ತರ 1.1 ಪಟ್ಟು, ನಷ್ಟ ಸುಮಾರು 46% ಜಾಸ್ತಿ. ಅದೇ ಹಾರ್ಮೋನಿಕ್ ಎದುರಾಗಿ ಬಂದರೆ ಎತ್ತರ 0.9, ನಷ್ಟ ಸುಮಾರು 34% ಕಡಿಮೆ! ಎರಡರಲ್ಲೂ ಟಿಎಚ್‌ಡಿ 10 ಪರ್ಸೆಂಟೇ. ತಾಮ್ರದಲ್ಲಾದರೆ ಎರಡೂ ಸಲ 1% ಆಸುಪಾಸು ಏರಿಕೆ, ಅಷ್ಟೇ. (ನ್ಯೂಟ್ರಲ್ ಇಲ್ಲದ ಸಮತೋಲಿತ ಮೂರು ಫೇಸ್ ಲೈನಿನಲ್ಲಿ ಮೂರನೆಯದು ಹರಿಯುವುದಿಲ್ಲ ಅನ್ನುವವರಿಗೆ: ಸರಿ, 5 ಮತ್ತು 7 ಹಾಕಿ ನೋಡಿ. ಅಲ್ಲೂ ಹಾರ್ಮೋನಿಕ್‌ನ ಫೇಸ್, ಅಂದರೆ ಮೂಲ ಅಲೆಯ ಜೊತೆ ಅದರ ಹೊಂದಾಣಿಕೆ, ಬಿಟ್ಟರೆ ಲೆಕ್ಕ ಕೂಡುವುದಿಲ್ಲ.)

ಹಾರ್ಮೋನಿಕ್ ಜೋರಾಗಿದ್ದು ಅಲೆ ನಡುವೆಯೇ ತಗ್ಗಿ ಮತ್ತೆ ಏರಿದರೆ, ಆ ಪುಟ್ಟ ಏರಿಳಿತಕ್ಕೂ ಬೇರೆ ನಷ್ಟ. ಸೂಪರ್‌ಕಂಡಕ್ಟರ್ ಟೇಪಿನ (ಪಟ್ಟಿಯಂಥ ತಂತಿಯ) ಮೇಲಿರುವ ತಾಮ್ರದ ಪದರದಲ್ಲಿ ಎಡ್ಡಿ ಕರೆಂಟ್ (ಬದಲಾಗುವ ಕಾಂತಕ್ಷೇತ್ರ ಲೋಹದಲ್ಲಿ ಹುಟ್ಟಿಸುವ ಸುಳಿ ಕರೆಂಟ್) ನಷ್ಟ ಆವರ್ತನದ ವರ್ಗದಂತೆ ಹೆಚ್ಚುತ್ತದೆ, ಅದೂ ಸೇರಿತು.

ಇಷ್ಟು ಚಿಕ್ಕ ನಷ್ಟಕ್ಕೆ ಇಷ್ಟೆಲ್ಲ ಯಾಕೆ ಅಂದರೆ, 77 ಕೆಲ್ವಿನ್‌ನಲ್ಲಿ (ಸುಮಾರು -196 ಡಿಗ್ರಿ ಸೆಲ್ಸಿಯಸ್) ಹುಟ್ಟುವ 1 ವ್ಯಾಟ್ ಬಿಸಿ ತೆಗೆಯಲು ಹೊರಗೆ 10ರಿಂದ 20 ವ್ಯಾಟ್ ಬೇಕು. ಕೂಲಿಂಗ್ ಯಂತ್ರದ ಸೈಜ್ ನಿಂತಿರುವುದೇ ಇದರ ಮೇಲೆ. ಹಾಗಾಗಿ ಕೇಬಲ್ ಆರ್ಡರ್ ಮಾಡುವ ಮೊದಲು ಆ ಲೈನಿನ ಕರೆಂಟ್ ಅಲೆಯನ್ನೇ ಆಸಿಲ್ಲೊಸ್ಕೋಪಿನಲ್ಲಿ ಹಿಡಿದು, ಅದೇ ಅಲೆ ಹರಿಸಿ ಟೆಸ್ಟ್ ಮಾಡಿಸಿ ಅಂತೀನಿ ನಾನು.